ಮಾಲೀಕರ ಸ್ವಭಾವ ಮತ್ತು ಸಣ್ಣ ಉದ್ದಿಮೆಯ ಬೆಳವಣಿಗೆ: ಕಿರ್ದಿ ಪುಸ್ತಕದಲ್ಲೇ ಓದಿಕೊಳ್ಳುವ ಕ್ರಮ

ಐದಾರು ಜನ ದುಡಿಯುವ ಒಂದು ಉದ್ದಿಮೆಯಲ್ಲಿ ಮಾಲೀಕರ ಸ್ವಭಾವವೇ ಕಾನೂನು. ದೊಡ್ಡ ಕಂಪನಿಯಲ್ಲಿ ಯಾರಿಗೆ ಎಷ್ಟು ದಿನದ ಉದ್ರಿ, ಯಾವ ಮಾಲನ್ನು ಎಷ್ಟು ತರಿಸಬೇಕು, ತಪ್ಪು ಮಾಡಿದ ಕೆಲಸಗಾರರನ್ನು ಯಾರು ಕರೆದು ಮಾತಾಡಬೇಕು ಎಂಬುದಕ್ಕೆಲ್ಲ ಬರೆದಿಟ್ಟ ನಿಯಮಗಳಿರುತ್ತವೆ. ಮೇಲಿರುವವರು ಸಿಟ್ಟಿನಲ್ಲಿದ್ದರೂ ಸಂತೋಷದಲ್ಲಿದ್ದರೂ ಆ ನಿಯಮ ನಡೆಯುತ್ತದೆ. ಸಣ್ಣ ಉದ್ದಿಮೆಯಲ್ಲಿ ಇವೆಲ್ಲವೂ ಮಾಲೀಕರ ಆ ಹೊತ್ತಿನ ಮನಸ್ಸಿನ ಮೇಲೆ ನಿಂತಿರುತ್ತವೆ. ಮುಲಾಜಿಗೆ ಬೀಳುವವರ ಅಂಗಡಿಯಲ್ಲಿ ಬಾಕಿ ಬೆಳೆಯುತ್ತದೆ, ಅಂಜುವವರ ಕಾರ್ಖಾನೆಯಲ್ಲಿ ಬಂದ ಆರ್ಡರ್ ವಾಪಸ್ ಹೋಗುತ್ತದೆ, ಎಲ್ಲವನ್ನೂ ತಾವೇ ನೋಡಬೇಕೆನ್ನುವವರ ಕೆಲಸ ಅವರ ಕಣ್ಣು ಮುಟ್ಟುವಷ್ಟು ದೂರಕ್ಕೇ ನಿಲ್ಲುತ್ತದೆ.

ಸಣ್ಣ ಉದ್ಯಮಿಗಳ ಜೊತೆ ಕುಳಿತು ಅವರ ಲೆಕ್ಕ ನೋಡುತ್ತ ಬಂದ ನನಗೆ ಖಾತ್ರಿಯಾಗಿರುವ ಸಂಗತಿ ಒಂದಿದೆ. ಉದ್ದಿಮೆಯನ್ನು ಹುಟ್ಟುಹಾಕಿ ಮೊದಲ ಮೂರು ನಾಲ್ಕು ವರ್ಷ ಕೈಹಿಡಿದು ನಡೆಸಿದ ಗುಣವೇ ಬಹಳ ಸಲ ಮುಂದೆ ಅದರ ಕಾಲಿಗೆ ತೊಡಕಾಗುತ್ತದೆ. ಆದ್ದರಿಂದ ಇಲ್ಲಿ ಯಾವ ಗುಣವನ್ನೂ ದೋಷವೆಂದು ಹೆಸರಿಸುವುದಿಲ್ಲ. ನಿಮ್ಮ ಯಾವ ಗುಣ ಈಗ ಎಲ್ಲಿ ತಡೆಯುತ್ತಿದೆ ಎಂಬುದನ್ನು ನಿಮ್ಮದೇ ದಾಖಲೆಗಳಿಂದ ಕಂಡುಕೊಂಡು, ಸ್ವಭಾವವನ್ನು ತಿದ್ದಲು ಹೆಣಗುವ ಬದಲು ಅದರ ಸುತ್ತಲಿನ ಕೆಲಸದ ಏರ್ಪಾಟನ್ನು ಬದಲಿಸುವ ಕ್ರಮವನ್ನು ಹಂತ ಹಂತವಾಗಿ ಹೇಳುತ್ತೇನೆ. ಉದ್ದಿಮೆ ಶುರುವಾಗಿ ಕನಿಷ್ಠ ಒಂದು ವರ್ಷವಾಗಿರುವ, ಕನಿಷ್ಠ ಒಬ್ಬಿಬ್ಬರು ಕೆಲಸಗಾರರಿರುವ ಯಾರೇ ಆದರೂ ಇದನ್ನು ಮಾಡಬಹುದು. ಇದಕ್ಕೆ ಎರಡು ಭಾನುವಾರಗಳು, ಆಮೇಲೆ ಮೂರು ತಿಂಗಳ ತಾಳ್ಮೆ ಬೇಕು.

ಅಧ್ಯಯನಗಳು ಏನನ್ನು ಹೇಳುತ್ತವೆ

ಮನಃಶಾಸ್ತ್ರಜ್ಞರು ಸಾಮಾನ್ಯವಾಗಿ ಮನುಷ್ಯನ ಸ್ವಭಾವವನ್ನು ಐದು ಗುಣಗಳಲ್ಲಿ ಅಳೆಯುತ್ತಾರೆ: ಹೊಸದಕ್ಕೆ ತೆರೆದ ಮನಸ್ಸು, ಅಚ್ಚುಕಟ್ಟುತನ, ಜನರೊಡನೆ ಬೆರೆಯುವ ಉತ್ಸಾಹ, ಹೊಂದಿಕೊಳ್ಳುವ ಮೃದುತನ ಮತ್ತು ಬೇಗ ಕಳವಳಗೊಳ್ಳುವಿಕೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ, ಸಂಬಳದ ಮೇಲಿರುವ ವ್ಯವಸ್ಥಾಪಕರಿಗೆ ಹೋಲಿಸಿದರೆ ಸ್ವಂತ ಉದ್ಯಮಿಗಳಲ್ಲಿ ಅಚ್ಚುಕಟ್ಟುತನ ಮತ್ತು ಹೊಸದಕ್ಕೆ ತೆರೆದ ಮನಸ್ಸು ಹೆಚ್ಚು, ಕಳವಳ ಮತ್ತು ಮೃದುತನ ಕಡಿಮೆ ಎಂದು ಕಂಡುಬಂತು. ಮರುವರ್ಷದ ಇನ್ನೊಂದು ವಿಶ್ಲೇಷಣೆ ಉದ್ದಿಮೆಯ ಯಶಸ್ಸಿಗೂ ಸಾಧಿಸುವ ಹಂಬಲ, ತನ್ನಿಂದಾಗುತ್ತದೆ ಎಂಬ ನಂಬಿಕೆ, ಒತ್ತಡ ತಾಳುವ ಶಕ್ತಿ, ಮುಂದಾಗಿ ಕೈಹಾಕುವ ಸ್ವಭಾವ ಇವುಗಳಿಗೂ ನಂಟಿದೆ ಎಂದು ತೋರಿಸಿತು. ಆ ನಂಟು ನಿಜ, ಆದರೆ ಹಣೆಬರಹ ಎನ್ನುವಷ್ಟು ಗಟ್ಟಿಯಾದುದಲ್ಲ.

ಈ ಗುಣಗಳಲ್ಲಿ ಎಷ್ಟೋ ಭಾಗ ಕಲಿಯಬಹುದಾದ ನಡವಳಿಕೆ ಎಂಬುದು ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಸಂಗತಿ. ಅಮೆರಿಕದ ಮನಃಶಾಸ್ತ್ರಜ್ಞ ಡೇವಿಡ್ ಮೆಕ್‌ಲೆಲ್ಲಂಡ್ 1960ರ ದಶಕದಲ್ಲಿ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳಿಗೆ ಹೈದರಾಬಾದಿನಲ್ಲಿ ಸಾಧನೆಯ ಹಂಬಲ ಬೆಳೆಸುವ ತರಬೇತಿ ನಡೆಸಿದರು. ತರಬೇತಿ ಪಡೆದವರು ಪಡೆಯದವರಿಗಿಂತ ಹೆಚ್ಚು ಚುರುಕಾಗಿ ವ್ಯವಹಾರ ವಿಸ್ತರಿಸಿದರು. ಆಫ್ರಿಕದ ಟೋಗೊ ದೇಶದ ಲೋಮೆ ನಗರದಲ್ಲಿ 1,500 ಸಣ್ಣ ಉದ್ಯಮಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದ ಫಲ ಇನ್ನೂ ಸ್ಪಷ್ಟವಾಗಿತ್ತು. ಲೆಕ್ಕ, ಮಾರಾಟ, ಹಣಕಾಸುಗಳನ್ನು ಕಲಿಸಿದ ಗುಂಪಿನಲ್ಲಿ ಲಾಭ ಖಚಿತವಾಗಿ ಏರಿತೆಂದು ಹೇಳುವಂತಿರಲಿಲ್ಲ. ಮುಂದಾಲೋಚನೆ, ಬೇರೆಯವರಿಗಿಂತ ಭಿನ್ನವಾಗಿ ಮಾಡುವುದು, ಅಡ್ಡಿ ಬಂದಾಗ ಪಟ್ಟು ಬಿಡದಿರುವುದು ಇವುಗಳನ್ನು ಅಭ್ಯಾಸ ಮಾಡಿಸಿದ ಗುಂಪಿನಲ್ಲಿ ಲಾಭ ಶೇಕಡ 30ರಷ್ಟು ಹೆಚ್ಚಾಯಿತು. ನಾನು ಹುಟ್ಟಿದ್ದೇ ಹೀಗೆ ಎಂದು ಕೈಚೆಲ್ಲುವವರಿಗೆ ನಾನು ಮೊದಲು ಹೇಳುವುದು ಈ ಲೋಮೆಯ ಸುದ್ದಿಯನ್ನು.

ಮೊದಲನೆಯ ಹಂತ: ಕನ್ನಡಿ ಬಿಟ್ಟು ಕಿರ್ದಿ ನೋಡಿ

ಮೊಬೈಲಿನಲ್ಲಿ ಸಿಗುವ ವ್ಯಕ್ತಿತ್ವ ಪರೀಕ್ಷೆಗಳಿಗೆ ನಾವು ಉತ್ತರಿಸುವಾಗ ನಾವು ಹೇಗಿರಬೇಕೆಂದು ಬಯಸುತ್ತೇವೋ ಅದನ್ನೇ ಬರೆದುಬಿಡುತ್ತೇವೆ. ದಿನದಿನದ ಜಮಾ-ಖರ್ಚು ಬರೆಯುವ ಕಿರ್ದಿಯಲ್ಲಿ ನಾವು ಮಾಡಿದ್ದು ಮಾತ್ರ ಇರುತ್ತದೆ. ಆದ್ದರಿಂದ ಮೊದಲ ಭಾನುವಾರ ಕಳೆದ ಮೂರು ತಿಂಗಳ ಕಿರ್ದಿ, ಖತಾವಣಿ (ಖಾತೆವಾರು ಲೆಕ್ಕದ ಪುಸ್ತಕ), ಉದ್ರಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್, ಯುಪಿಐ ಜಮಾ-ಖರ್ಚಿನ ವಿವರ, ಖರೀದಿ ಬಿಲ್ಲುಗಳು, ಕೆಲಸಗಾರರ ಹಾಜರಿ ಪುಸ್ತಕ ಇವಿಷ್ಟನ್ನೂ ಒಂದೇ ಮೇಜಿನ ಮೇಲೆ ತಂದಿಡಿ. ಜೊತೆಗೆ ಒಂದು ವಾರ ಕೆಲಸಗಾರರು ನಿಮ್ಮನ್ನು ಏನೇನು ಕೇಳಲು ಬಂದರು, ಯಾವುದಕ್ಕೆ ಫೋನ್ ಮಾಡಿದರು ಎಂಬುದನ್ನು ಸಣ್ಣ ನೋಟ್‌ಬುಕ್ಕಿನಲ್ಲಿ ಗೀಚಿಟ್ಟುಕೊಳ್ಳಿ. ಲೆಕ್ಕವನ್ನೇ ಬರೆಯದಿದ್ದರೆ ಅದೂ ನಿಮ್ಮ ಸ್ವಭಾವದ ಬಗ್ಗೆ ಸಿಕ್ಕ ಮೊದಲ ಉತ್ತರ; ಇಂದಿನಿಂದ ಬರೆಯಲು ಶುರುಮಾಡಿ, ಮೂರು ತಿಂಗಳ ನಂತರ ಈ ಹಂತಕ್ಕೆ ಮರಳಿ ಬನ್ನಿ.

ಎರಡನೆಯ ಹಂತ: ಉದ್ರಿ ಪುಸ್ತಕದಲ್ಲಿ ನಿಮ್ಮ ಮುಲಾಜನ್ನು ಅಳೆಯಿರಿ

ಬಾಕಿ ಇರುವ ಪ್ರತಿಯೊಂದು ಹೆಸರಿನ ಮುಂದೆ ಅದು ಎಷ್ಟು ದಿನದ ಬಾಕಿ ಎಂದು ಬರೆಯಿರಿ: ನಲವತ್ತೈದು ದಿನದೊಳಗಿನದು, ನಲವತ್ತೈದು ದಾಟಿದ್ದು, ತೊಂಬತ್ತು ದಾಟಿದ್ದು. ಆಮೇಲೆ, ಹಳೆಯ ಬಾಕಿ ಇದ್ದಾಗಲೂ ಹೊಸ ಉದ್ರಿ ಕೊಟ್ಟ ಕಡೆಯೆಲ್ಲ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ. ಕೆಂಪು ಗುರುತುಗಳನ್ನು ಎಣಿಸಿದರೆ ನಿಮ್ಮ ದಾಕ್ಷಿಣ್ಯದ ಲೆಕ್ಕ ಸಿಗುತ್ತದೆ. ಈ ಮೃದುತನವೇ ನಿಮಗೆ ಮೊದಲ ಗಿರಾಕಿಗಳನ್ನು ತಂದುಕೊಟ್ಟಿರುತ್ತದೆ, ಅದನ್ನು ಕಳೆದುಕೊಳ್ಳುವ ಅಗತ್ಯವಿಲ್ಲ. ಆದರೆ ತಿಂಗಳ ಕೊನೆಗೆ ಕಚ್ಚಾ ಮಾಲಿಗೆ ದುಡ್ಡಿಲ್ಲದೆ ಕೈಸಾಲ ತಂದು, ಬಡ್ಡಿ ಕಟ್ಟುತ್ತಿದ್ದರೆ, ಆ ಬಡ್ಡಿಯನ್ನು ನೀವು ಕಟ್ಟುತ್ತಿರುವುದು ನಿಮ್ಮ ಗಿರಾಕಿಗಳ ಪರವಾಗಿ.

ಇಲ್ಲಿ ಮಾಡಬೇಕಾದುದು ಮನಸ್ಸನ್ನು ಕಲ್ಲು ಮಾಡಿಕೊಳ್ಳುವ ಪ್ರಯತ್ನವಲ್ಲ, ನಿರ್ಧಾರವನ್ನು ನಿಮ್ಮ ನಾಲಿಗೆಯಿಂದ ತೆಗೆದು ಕಾಗದದ ಮೇಲೆ ಇಡುವುದು. ಪ್ರತಿ ಗಿರಾಕಿಗೂ ಒಂದು ಮಿತಿಯನ್ನು ಮುಂಚೆಯೇ ಬರೆದಿಡಿ. ಬಿಲ್ಲಿನಲ್ಲೇ ಪಾವತಿಯ ಗಡುವನ್ನು ಅಚ್ಚು ಹಾಕಿಸಿ. ಪ್ರತಿ ತಿಂಗಳ ಒಂದನೆಯ ತಾರೀಖಿಗೆ ಎಲ್ಲರಿಗೂ, ಸರಿಯಾಗಿ ಕೊಡುವವರಿಗೂ ಸೇರಿಸಿ, ಬಾಕಿಯ ವಿವರ ವಾಟ್ಸಾಪಿನಲ್ಲಿ ಹೋಗಲಿ. ಎಲ್ಲರಿಗೂ ಹೋದರೆ ಯಾರಿಗೂ ಅವಮಾನವಾಗುವುದಿಲ್ಲ. ವಸೂಲಿಯ ಫೋನನ್ನು ನಿಮಗಿಂತ ಕಡಿಮೆ ಮುಲಾಜಿನವರು, ಮನೆಯವರಾಗಲಿ ಲೆಕ್ಕ ಬರೆಯುವವರಾಗಲಿ, ಮಾಡಲಿ.

ತಯಾರಿಕೆ ಅಥವಾ ಸೇವೆಯ ಉದ್ದಿಮೆ ನಡೆಸುವ, ಸರ್ಕಾರದ ಉದ್ಯಮ್ ಜಾಲತಾಣದಲ್ಲಿ ನೋಂದಣಿ ಇರುವ ಸೂಕ್ಷ್ಮ ಮತ್ತು ಸಣ್ಣ ಘಟಕಗಳ ಬೆನ್ನಿಗೆ 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ) ಅಭಿವೃದ್ಧಿ ಕಾಯ್ದೆಯೂ ಇದೆ. ಬರೆದ ಒಪ್ಪಂದವಿದ್ದರೂ ಕೊಳ್ಳುವವರು 45 ದಿನಕ್ಕಿಂತ ಹೆಚ್ಚು ಗಡುವು ಇಟ್ಟುಕೊಳ್ಳುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಮೃದು ಸ್ವಭಾವದ ಮಾಲೀಕರಿಗೆ ಈ ಕಾನೂನು ಹಾಕಿ ಜಗಳಕ್ಕೆ ನಿಲ್ಲುವುದು ಆಗದ ಮಾತು, ಅದು ನನಗೆ ಗೊತ್ತು. ಆದರೆ “ನಮ್ಮ ಲೆಕ್ಕಪರಿಶೋಧಕರು ನಲವತ್ತೈದು ದಿನ ದಾಟಬಾರದು ಅಂದಿದ್ದಾರೆ” ಎಂಬ ಒಂದು ಮಾತನ್ನು ಯಾರು ಬೇಕಾದರೂ ಮೆಲ್ಲಗೆ ಹೇಳಬಹುದು, ಮತ್ತು 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯ ಲೆಕ್ಕದಲ್ಲಿ ಗಡುವು ತಪ್ಪಿದ ಇಂಥ ಬಾಕಿಯನ್ನು ಕೊಳ್ಳುವವರು ಆ ವರ್ಷದ ಖರ್ಚೆಂದು ತೋರಿಸುವಂತಿಲ್ಲವಾದ್ದರಿಂದ ದೊಡ್ಡ ಗಿರಾಕಿಗಳಿಗೂ ಈ ಮಾತಿನ ತೂಕ ತಿಳಿದಿದೆ.

ಮೂರನೆಯ ಹಂತ: ನಿಮ್ಮ ಕೈ ಮುಟ್ಟದೆ ಏನು ಹೊರಗೆ ಹೋಗುತ್ತದೆ?

ಒಂದು ವಾರ ಗೀಚಿಟ್ಟುಕೊಂಡ ಆ ನೋಟ್‌ಬುಕ್ಕನ್ನು ಈಗ ತೆಗೆಯಿರಿ. ನಿಮ್ಮನ್ನು ಕೇಳದೆ ನಡೆಯಬಹುದಾಗಿದ್ದ ಪ್ರಶ್ನೆಗಳು ಎಷ್ಟು? ಅರ್ಧಕ್ಕಿಂತ ಹೆಚ್ಚಿದ್ದರೆ ಈ ಹಂತದಲ್ಲಿ ನಿಧಾನಿಸಿ, ಏಕೆಂದರೆ ಅಚ್ಚುಕಟ್ಟುತನ ಎಂಬ ಎಲ್ಲರೂ ಹೊಗಳುವ ಗುಣ ಸಣ್ಣ ಉದ್ದಿಮೆಗಳನ್ನು ಕಟ್ಟಿಹಾಕುವುದು ಇಲ್ಲೇ.

ಹುಬ್ಬಳ್ಳಿಯಲ್ಲಿ ಖಡಕ್ ರೊಟ್ಟಿ ಮಾಡಿಸಿ ಮಾರುವ ತಾಯಿಯೊಬ್ಬರ ಘಟಕದಲ್ಲಿ ನಾನು ಕೆಲವು ದಿನ ಕುಳಿತಿದ್ದೆ. ಎಂಟು ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಿದ್ದರು. ಒಣಗಿ ಗರಿಗರಿಯಾದ ಪ್ರತಿಯೊಂದು ರೊಟ್ಟಿಯನ್ನೂ ಆ ತಾಯಿ ಎತ್ತಿಕೊಂಡು, ಅಂಚನ್ನು ಹೆಬ್ಬೆರಳಿನಿಂದ ಒತ್ತಿ, ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಅದು ಪ್ಯಾಕೆಟ್ಟಿಗೆ ಹೋಗುತ್ತಿತ್ತು. ರಾತ್ರಿ ಹನ್ನೊಂದಾದರೂ ಅವರ ಮುಂದಿನ ಬುಟ್ಟಿ ಖಾಲಿಯಾಗುತ್ತಿರಲಿಲ್ಲ, ಬೆಂಗಳೂರಿನಿಂದ ಬಂದ ಎರಡು ಮದುವೆ ಆರ್ಡರ್‌ಗಳನ್ನು ಅವರು ಕೈಬಿಟ್ಟಿದ್ದರು. “ನನ್ನ ಕೈ ಮುಟ್ಟದ ರೊಟ್ಟಿ ಹೊರಗ ಹೋಗಬಾರ್ದ್ರೀ ಸರ, ಹೆಸರು ಕೆಡ್ತದ” ಎಂದರು. ಆ ಮಾತಿನಲ್ಲಿ ತಪ್ಪಿರಲಿಲ್ಲ. ಹತ್ತು ವರ್ಷದ ಹೆಸರು ಆ ಹೆಬ್ಬೆರಳಿನಿಂದಲೇ ಬಂದಿತ್ತು.

ಬೇರೆಯವರನ್ನು ನಂಬಿ ಎಂದು ಅವರಿಗೆ ಹೇಳಿದ್ದರೆ ಏನೂ ಆಗುತ್ತಿರಲಿಲ್ಲ. ನಿಮ್ಮ ಹೆಬ್ಬೆರಳು ಏನನ್ನು ಹುಡುಕುತ್ತದೆ ಹೇಳಿ ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿ ಅವರು ನಾಲ್ಕು ಮಾತು ಹೇಳಿದರು: ಒತ್ತಿದರೆ ಅಂಚು ಬಾಗದೆ ಮುರಿಯಬೇಕು, ಬೆಳಕಿಗೆ ಹಿಡಿದರೆ ನಡುವೆ ಹಸಿಯ ಮಚ್ಚೆ ಕಾಣಬಾರದು, ಹೊತ್ತಿದ ವಾಸನೆ ಇರಬಾರದು, ಅಳತೆಗೆ ಇಟ್ಟ ಸ್ಟೀಲ್ ತಾಟಿನಷ್ಟೇ ಅಗಲವಿರಬೇಕು. ಅದನ್ನು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಹಂಚಿನ ಪಕ್ಕದ ಗೋಡೆಗೆ ತೂಗುಹಾಕಿದೆವು. ಹಿರಿಯ ಕೆಲಸಗಾರ್ತಿಯರಿಬ್ಬರು ಎಲ್ಲ ರೊಟ್ಟಿ ನೋಡುವುದು, ತಾಯಿ ನೂರಕ್ಕೆ ಹತ್ತನ್ನು ಮಾತ್ರ ನೋಡುವುದು ಎಂದು ಮಾತಾಯಿತು. ಮೊದಲ ವಾರ ಅವರು ಎಲ್ಲರೂ ಮನೆಗೆ ಹೋದ ಮೇಲೆ ಪ್ಯಾಕೆಟ್ ಬಿಚ್ಚಿ ಮತ್ತೆ ನೋಡುತ್ತಿದ್ದರು. ಎರಡನೆಯ ವಾರ ರೊಟ್ಟಿ ಪ್ಯಾಕೆಟ್ಟಿನಲ್ಲೇ ಮುರಿಯಲು ಶುರುವಾಯಿತು. ಕಾರಣ ಹುಡುಕಿದವರು ಕೆಲಸಗಾರ್ತಿಯೊಬ್ಬರು: ತಾಟಿನ ಅಳತೆ ಮುಟ್ಟಿಸಲು ಎಲ್ಲರೂ ಅಂಚನ್ನು ತೀರ ತೆಳುವಾಗಿ ಬಡಿಯುತ್ತಿದ್ದರು. ರಟ್ಟಿನ ಮೇಲೆ ಐದನೆಯ ಸಾಲು ಸೇರಿತು, ಅಂಚೂ ನಡುವೂ ಒಂದೇ ದಪ್ಪ ಎಂದು. ಮುಂದಿನ ಮದುವೆಯ ಆರ್ಡರ್ ಅನ್ನು ಅವರು ಬಿಡಲಿಲ್ಲ.

ನಿಮ್ಮ ಉದ್ದಿಮೆಯಲ್ಲಿಯೂ ಇದೇ ಕ್ರಮ ಅನುಸರಿಸಿ. ನೀವೊಬ್ಬರೇ ಮಾಡುವ ಒಂದು ಪರೀಕ್ಷೆಯನ್ನು, ಲೇತ್ ಮೇಲಿನ ಅಳತೆಯಿರಲಿ ಜವಳಿಯ ಹೊಲಿಗೆಯಿರಲಿ, ಐದು ಸಾಲಿನೊಳಗೆ ಬರೆಯಿರಿ. ಅದನ್ನು ಒಬ್ಬರಿಗೆ ಒಪ್ಪಿಸಿ, ನೂರಕ್ಕೆ ಹತ್ತನ್ನು ಮಾತ್ರ ನೀವು ನೋಡಿ, ವಾಪಸ್ ಬಂದ ಮಾಲಿನ ಲೆಕ್ಕವನ್ನು ದಿನವೂ ಬರೆದಿಡಿ. ಮೊದಲೆರಡು ವಾರ ಆ ಸಂಖ್ಯೆ ಏರುವುದು ಸಹಜ, ಆಗ ಮರಳಿ ಎಲ್ಲವನ್ನೂ ಕೈಗೆ ತೆಗೆದುಕೊಂಡುಬಿಡಬೇಡಿ. ಬರೆದ ನಿಯಮದಲ್ಲಿ ಏನು ಬಿಟ್ಟುಹೋಗಿದೆ ಎಂದು ಕೆಲಸ ಮಾಡುವವರನ್ನೇ ಕೇಳಿ.

ನಾಲ್ಕನೆಯ ಹಂತ: ಧೈರ್ಯವೋ, ಅಂಜಿಕೆಯೋ?

ಮೆಕ್‌ಲೆಲ್ಲಂಡ್ ಬಳಸಿದ ರಿಂಗ್ ಎಸೆಯುವ ಆಟ ನಮ್ಮ ದೇಶದ ಉದ್ಯಮಶೀಲತಾ ತರಬೇತಿಗಳಲ್ಲಿ ಇಂದಿಗೂ ನಡೆಯುತ್ತದೆ. ಒಂದು ಗೂಟಕ್ಕೆ ರಿಂಗ್ ಎಸೆಯಬೇಕು, ಎಷ್ಟು ದೂರ ನಿಲ್ಲಬೇಕೆಂಬುದು ಆಡುವವರ ಇಷ್ಟ. ಕೆಲವರು ಗೂಟದ ಪಕ್ಕದಲ್ಲೇ ನಿಂತು ಹಾಕುತ್ತಾರೆ, ಕೆಲವರು ಅದೃಷ್ಟ ನೋಡೋಣವೆಂದು ಕೋಣೆಯ ಆಚೆ ತುದಿಯಿಂದ ಎಸೆಯುತ್ತಾರೆ. ಸಾಧಿಸುವ ಹಂಬಲ ಹೆಚ್ಚಿರುವವರು ಮಾತ್ರ, ಪ್ರಯತ್ನಪಟ್ಟರೆ ಬೀಳಬಹುದು ಎನ್ನುವ ನಡುವಿನ ದೂರವನ್ನು ಆರಿಸಿಕೊಂಡು, ಒಂದೊಂದು ಎಸೆತಕ್ಕೂ ಜಾಗವನ್ನು ಸ್ವಲ್ಪ ಹೊಂದಿಸಿಕೊಳ್ಳುತ್ತಾರೆ ಎಂಬುದು ಅವರ ಕಾಣ್ಕೆ.

ನಿಮ್ಮ ದೂರ ಯಾವುದೆಂದು ಎರಡು ಪಟ್ಟಿಗಳು ಹೇಳುತ್ತವೆ. ಒಂದು, ಕಳೆದ ವರ್ಷ ನೀವು ಬಿಟ್ಟ ಆರ್ಡರ್‌ಗಳು ಮತ್ತು ಅದಕ್ಕೆ ಕೊಟ್ಟುಕೊಂಡ ಕಾರಣ. ಇನ್ನೊಂದು, ಆರು ತಿಂಗಳಿಂದ ಮಾರಾಟವಾಗದೆ ಬಿದ್ದಿರುವ ಮಾಲು, ಕೊಂಡು ಬಳಸದ ಯಂತ್ರ, ಅರ್ಧಕ್ಕೆ ನಿಂತ ಹೊಸ ಕೆಲಸ. ಮೊದಲ ಪಟ್ಟಿ ಉದ್ದವಾಗಿದ್ದು ಬ್ಯಾಂಕಿನಲ್ಲಿ ಠೇವಣಿ ಸುಮ್ಮನೆ ಕೂತಿದ್ದರೆ ಅಂಜಿಕೆ ತಡೆಯುತ್ತಿದೆ; ಎರಡನೆಯದು ಉದ್ದವಾಗಿದ್ದರೆ ಉತ್ಸಾಹ ದುಡ್ಡು ತಿನ್ನುತ್ತಿದೆ.

ಹೊಸದಕ್ಕೆ ತೆರೆದ ಮನಸ್ಸು ಎಷ್ಟು ದೂರ ಕರೆದೊಯ್ಯಬಲ್ಲದೆಂಬುದಕ್ಕೆ ಬೆಂಗಳೂರಿನಲ್ಲೇ ಸಾಕ್ಷಿಯಿದೆ. 1924ರಲ್ಲಿ ಸಣ್ಣ ಹೋಟೆಲಾಗಿ ಶುರುವಾದ ಎಂಟಿಆರ್, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಕೊರತೆ ಬಿದ್ದಾಗ ರವೆ ಇಡ್ಲಿಯನ್ನು ತಂದಿತು. ತುರ್ತುಪರಿಸ್ಥಿತಿಯ ವರ್ಷಗಳಲ್ಲಿ ತಿಂಡಿಯ ದರವನ್ನು ಸರ್ಕಾರ ಇಳಿಸಿದಾಗ ಸಿದ್ಧ ಮಿಶ್ರಣಗಳ ಪ್ಯಾಕೆಟ್ಟಿನತ್ತ ಹೊರಳಿತು. ಎರಡೂ ಸಲ ಹೊಸತು ಹುಟ್ಟಿದ್ದು ಎದುರಿಗಿದ್ದ ಒಂದು ನಿಜವಾದ ಅಡಚಣೆಯಿಂದ ಎಂಬುದನ್ನು ಗಮನಿಸಿ. ಇನ್ನೊಂದು ಉದಾಹರಣೆ ಮೂಲ್ಕಿಯ ಕಡೆಯ ಹಣ್ಣಿನ ವ್ಯಾಪಾರಿಯ ಮಗ ರಘುನಂದನ್ ಕಾಮತ್ ಅವರದು. ಅವರು 1984ರಲ್ಲಿ ಮುಂಬಯಿಯ ಜುಹುವಿನಲ್ಲಿ ನ್ಯಾಚುರಲ್ಸ್ ಐಸ್‌ಕ್ರೀಮ್ ತೆರೆದಾಗ ಗಿರಾಕಿಗಳನ್ನು ಸೆಳೆಯಲು ಪಾವ್‌ಭಾಜಿಯನ್ನೂ ಮಾರಿದರು, ಐಸ್‌ಕ್ರೀಮಿಗೇ ಜನ ಬರತೊಡಗಿದ ಮೇಲೆ ಪಾವ್‌ಭಾಜಿಯನ್ನು ನಿಲ್ಲಿಸಿದರು. ದುಡ್ಡು ತರುತ್ತಿರುವುದನ್ನು ಬಿಡುವುದಕ್ಕೂ ಒಂದು ಸ್ವಭಾವ ಬೇಕು.

ಉತ್ಸಾಹ ಹೆಚ್ಚಿರುವವರು ಹೊಸದೊಂದಕ್ಕೆ ಕೈಹಾಕುವ ಮೊದಲು ಮೂರು ಮಾತನ್ನು ಬರೆದು, ಮನೆಯವರ ಅಥವಾ ಪಾಲುದಾರರ ಕೈಗೆ ಕೊಡಲಿ: ಪೂರ್ತಿ ಹೋದರೂ ಉದ್ದಿಮೆ ನಿಲ್ಲದಷ್ಟು ಮೊತ್ತ ಎಷ್ಟು, ಯಾವ ತಾರೀಖಿಗೆ ನಿಲ್ಲಿಸಿ ನೋಡಬೇಕು, ಅಂದು ಏನು ಕಂಡರೆ ಮುಂದುವರಿಸಬೇಕು. ಅಂಜುವವರು ಬಿಟ್ಟ ಆರ್ಡರ್‌ಗಳಲ್ಲಿ ಅತಿ ಸಣ್ಣದನ್ನು ಆರಿಸಿ, ಅದಕ್ಕೆ ಬೇಕಾದ ಹಣವನ್ನು ಲೆಕ್ಕಹಾಕಲಿ. ಸಣ್ಣ ಉದ್ದಿಮೆಗಳಿಗೆ ಸಾಲ ಕೊಡುವ ಕೇಂದ್ರ ಸರ್ಕಾರದ ಮುದ್ರಾ ಯೋಜನೆಯಲ್ಲಿ ಶಿಶು ವರ್ಗದ ಸಾಲ 50,000 ರೂಪಾಯಿಯವರೆಗೆ, ಕಿಶೋರ ವರ್ಗದ್ದು ಅಲ್ಲಿಂದ 5 ಲಕ್ಷದವರೆಗೆ ಇದೆ. ಮನೆ ಅಡವಿಡುವ ಭಯದಿಂದಲೇ ಹಿಂಜರಿಯುತ್ತಿದ್ದವರಿಗೆ ಈ ಸಾಲಕ್ಕೆ ಅಡಮಾನ ಬೇಡವೆಂಬ ಸಂಗತಿ ತಿಳಿದರೆ ಎಷ್ಟೋ ನಿರಾಳವಾಗುತ್ತದೆ.

ಐದನೆಯ ಹಂತ: ಮಾರಾಟ ಇಳಿದ ತಿಂಗಳಿಗೆ ಕಾರಣ ಬರೆಯುವುದು

ಮಾರಾಟ ಕುಸಿದ ಎರಡು ತಿಂಗಳನ್ನು ಆರಿಸಿ, ಕಾಗದದ ನಡುವೆ ಗೆರೆ ಎಳೆದು, ಎಡಕ್ಕೆ ನಿಮ್ಮ ಕೈಯಲ್ಲಿಲ್ಲದ ಕಾರಣಗಳನ್ನೂ ಬಲಕ್ಕೆ ನಿಮ್ಮ ಕೈಯಲ್ಲಿದ್ದವುಗಳನ್ನೂ ಬರೆಯಿರಿ. ಅಂಗಡಿಯ ಮುಂದೆ ರಸ್ತೆ ಅಗೆದದ್ದು, ಮಳೆ ಕೈಕೊಟ್ಟದ್ದು, ತೊಗರಿಯ ದರ ಏರಿದ್ದು ನಿಜವಾದ ಕಾರಣಗಳೇ, ಅವನ್ನು ಅಳಿಸಬೇಡಿ. ಬಲಗಡೆ ಖಾಲಿ ಉಳಿದರೆ ಮಾತ್ರ ಯೋಚಿಸಬೇಕು. ಬದುಕಿನ ಆಗುಹೋಗು ತನ್ನಿಂದಲೋ ಹೊರಗಿನಿಂದಲೋ ಎಂದು ಮನುಷ್ಯ ನಂಬುವ ಬಗೆಯನ್ನು ಅಮೆರಿಕದ ಮನಃಶಾಸ್ತ್ರಜ್ಞ ಜೂಲಿಯನ್ ರಾಟರ್ 1966ರಲ್ಲಿ ಅಳತೆಗೋಲಾಗಿ ರೂಪಿಸಿದರು, ಉದ್ಯಮಶೀಲತೆಯ ಅಧ್ಯಯನಗಳು ಅದನ್ನು ಬಹಳವಾಗಿ ಬಳಸಿವೆ. ಎಡಗಡೆಯ ಪ್ರತಿ ಸಾಲಿನ ಮುಂದೆ, ಇದು ಮತ್ತೆ ಬಂದರೆ ಒಂದು ತಿಂಗಳ ಮುಂಚೆ ನಾನು ಏನು ಮಾಡಬಹುದು ಎಂದು ಒಂದು ಸಾಲು ಸೇರಿಸುವುದೇ ಇಲ್ಲಿನ ಅಭ್ಯಾಸ. ರಸ್ತೆ ಅಗೆಯುವುದನ್ನು ನಿಲ್ಲಿಸಲಾಗದು, ಮನೆಗೆ ಮಾಲು ತಲುಪಿಸುವ ಹುಡುಗನನ್ನು ಆ ತಿಂಗಳು ಇಟ್ಟುಕೊಳ್ಳಬಹುದು.

ಆರನೆಯ ಹಂತ: ಹಾಜರಿ ಪುಸ್ತಕ ಮತ್ತು ನಿಮ್ಮ ಸಿಟ್ಟು

ಇದನ್ನು ಚಿಕ್ಕದಾಗಿ ಹೇಳಬಹುದು, ಆದರೆ ಮಾಡಲು ಎಲ್ಲಕ್ಕಿಂತ ಕಷ್ಟ. ಎರಡು ವರ್ಷದಲ್ಲಿ ಬಿಟ್ಟುಹೋದ ಕೆಲಸಗಾರರ ಹೆಸರು ಬರೆದು, ಅವರು ಹೋಗುವ ಹಿಂದಿನ ವಾರ ಏನಾಗಿತ್ತೆಂದು ನೆನಪಿಸಿಕೊಳ್ಳಿ. ಸಂಬಳದ ಕಾರಣಕ್ಕೆ ಹೋದವರೆಷ್ಟು, ಗಿರಾಕಿಯ ಎದುರಿಗೆ ನಿಮ್ಮಿಂದ ಬೈಸಿಕೊಂಡು ಹೋದವರೆಷ್ಟು? ಎರಡನೆಯ ಸಂಖ್ಯೆ ಒಂದಕ್ಕಿಂತ ಹೆಚ್ಚಿದ್ದರೆ ತಪ್ಪಿನ ಬಗ್ಗೆ ಮರುದಿನ ಬೆಳಿಗ್ಗೆಯೇ, ಒಬ್ಬರನ್ನೇ ಕರೆದು, ಮಾತಾಡುವ ನಿಯಮ ಹಾಕಿಕೊಳ್ಳಿ. ಕೈ ಪಳಗಿದ ಒಬ್ಬ ಕೆಲಸಗಾರ ಹೋದರೆ ಹೊಸಬರು ಆ ಹದಕ್ಕೆ ಬರಲು ಹಿಡಿಯುವ ತಿಂಗಳುಗಳ ನಷ್ಟ ಯಾವ ಖತಾವಣಿಯಲ್ಲೂ ಕಾಣಿಸುವುದಿಲ್ಲ.

ಏಳನೆಯ ಹಂತ: ಒಂದನ್ನೇ ಆರಿಸಿ

ಎರಡನೆಯ ಭಾನುವಾರ, ಇಷ್ಟೂ ಕಾಗದಗಳನ್ನು ಮುಂದಿಟ್ಟುಕೊಂಡು, ಯಾವ ಗುಣ ಅತಿ ಹೆಚ್ಚು ದುಡ್ಡನ್ನು ತಡೆದಿದೆ ಎಂದು ಕೂಡಿ ನೋಡಿ: ಸಿಕ್ಕಿಬಿದ್ದ ಬಾಕಿ, ಬಿಟ್ಟ ಆರ್ಡರಿನ ಮೊತ್ತ, ಬಿದ್ದಿರುವ ಮಾಲಿನ ಬೆಲೆ. ದೊಡ್ಡ ಸಂಖ್ಯೆ ಯಾವುದರದೋ ಅದೊಂದನ್ನೇ ಮೂರು ತಿಂಗಳಿಗೆ ಕೈಗೆತ್ತಿಕೊಳ್ಳಿ. ಒಟ್ಟಿಗೆ ನಾಲ್ಕನ್ನು ಹಿಡಿದವರು ಎರಡನೆಯ ವಾರಕ್ಕೆ ನಾಲ್ಕನ್ನೂ ಬಿಟ್ಟದ್ದನ್ನು ನೋಡಿದ್ದೇನೆ.

ತಿಂಗಳಿಗೊಮ್ಮೆ ನಿಮ್ಮ ಲೆಕ್ಕ ಕೇಳುವವರು ಒಬ್ಬರಿರಲಿ. ನಿಮ್ಮ ಪೇಟೆಯಲ್ಲೇ ಬೇರೆ ಕಸುಬು ನಡೆಸುವ, ನಿಮಗೆ ಪೈಪೋಟಿಯಿಲ್ಲದ ಉದ್ಯಮಿ ಇದಕ್ಕೆ ಎಲ್ಲರಿಗಿಂತ ಒಳ್ಳೆಯವರು. ಇನ್ನೂ ಸಂಸ್ಥೆಯ ಆಸರೆ ಬೇಕೆನಿಸಿದರೆ, 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟ್ ಮತ್ತು ಆಗಿನ ಸಿಂಡಿಕೇಟ್ ಹಾಗೂ ಕೆನರಾ ಬ್ಯಾಂಕುಗಳು ಸೇರಿ ಆರಂಭಿಸಿದ, ಸ್ವಉದ್ಯೋಗ ತರಬೇತಿಯ ರುಡ್‌ಸೆಟ್ ಸಂಸ್ಥೆಯೂ, ಅದರ ಮಾದರಿಯಲ್ಲಿ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಆರ್‌ಸೆಟಿ ಕೇಂದ್ರಗಳೂ ಗ್ರಾಮೀಣ ಯುವಜನರಿಗೆ ಊಟ-ವಸತಿ ಸಹಿತ ಉಚಿತ ತರಬೇತಿ ಕೊಡುತ್ತವೆ. ಧಾರವಾಡದಲ್ಲಿ ಕರ್ನಾಟಕದ ಉದ್ಯಮಶೀಲತಾಭಿವೃದ್ಧಿ ಕೇಂದ್ರವಾದ ಸಿಡಾಕ್ ಇದೆ, ಮಹಿಳೆಯರಿಗೆ 1983ರಿಂದ ಬೆಂಗಳೂರಿನಲ್ಲಿ ಮಹಿಳಾ ಉದ್ಯಮಿಗಳ ಸಂಘ ಅವೇಕ್ ಇದೆ. ರಿಂಗ್ ಎಸೆಯುವ ಆಟವನ್ನು ಇಂಥ ತರಬೇತಿಯಲ್ಲಿ ಹತ್ತು ಜನರ ನಡುವೆ ಆಡಿದಾಗ ತಾವು ಎಲ್ಲಿ ನಿಲ್ಲುತ್ತೇವೆಂಬುದು ಮನೆಯಲ್ಲಿ ಒಬ್ಬರೇ ಯೋಚಿಸುವುದಕ್ಕಿಂತ ಬೇಗ ತಿಳಿಯುತ್ತದೆ.

ಮೂರು ತಿಂಗಳಾದ ಮೇಲಿನ ಭಾನುವಾರ ಅದೇ ಪುಸ್ತಕಗಳನ್ನು ತೆರೆದು ಅದೇ ಕೆಂಪು ಪೆನ್ನಿನಿಂದ ಮತ್ತೆ ಗುರುತು ಹಾಕಿ ಎಣಿಸಿ. ಸಂಖ್ಯೆ ಇಳಿದಿದ್ದರೆ ಆ ಏರ್ಪಾಟನ್ನು ಹಾಗೆಯೇ ಉಳಿಸಿಕೊಂಡು ಎರಡನೆಯ ಗುಣಕ್ಕೆ ಹೋಗಿ. ಇಳಿಯದಿದ್ದರೆ ನಿಮ್ಮನ್ನು ಬೈದುಕೊಳ್ಳದೆ, ಗೋಡೆಯ ಮೇಲಿನ ರಟ್ಟನ್ನು ಕೆಳಗಿಳಿಸಿ, ಕೆಲಸ ಮಾಡುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾವ ಸಾಲು ತಪ್ಪಾಗಿದೆ ಎಂದು ನೋಡಿ.